ಕಲಾಕೃತಿಯ ಒಡೆತನವೂ ಕೀಲಿಯ ಒಡೆತನವೂ

ಯಾವ ಸಂಸ್ಥೆಯ ಹಂಗೂ ಇಲ್ಲದೆ, ವ್ಯಕ್ತಿಯು ತನ್ನ ರಹಸ್ಯ ಕೀಲಿಯಿಂದಲೇ ಆಳುವ ಬ್ಲಾಕ್‌ಚೈನ್ ಗುರುತು ಡಿಜಿಟಲ್ ಕಲೆಯ ಒಡೆತನವನ್ನು ಕಾದಿಡಲು ತಕ್ಕ ಕರಂಡಕವೆಂದು ಕೆಲವರು ಪ್ರತಿಪಾದಿಸುತ್ತಾರೆ. ಈ ವಾದದ ಬಲಾಬಲವನ್ನು ಅಳೆಯಲು ಕೆವಿನ್ ಮೆಕಾಯ್ ಅವರ ‘ಕ್ವಾಂಟಮ್’ ಕೃತಿಯ ನಿದರ್ಶನವೊಂದೇ ಸಾಕು. ಮಿಡಿಯುವ ಅಷ್ಟಕೋನಾಕೃತಿಯ ಈ ಚಲಿಸುವ ಚಿತ್ರವನ್ನು ಅವರು 2014ರಲ್ಲಿ ನೇಮ್‌ಕಾಯಿನ್ ಬ್ಲಾಕ್‌ಚೈನಿನಲ್ಲಿ ದಾಖಲಿಸಿದರು. ಅಲ್ಲಿಯೂ ಹೆಸರನ್ನು ಆಳುವುದು ಕೀಲಿಯೇ. ಆದರೆ 36,000 ಬ್ಲಾಕುಗಳು ಕಳೆಯುವುದರೊಳಗೆ ನವೀಕರಿಸದಿದ್ದರೆ ಹೆಸರಿನ ಅವಧಿ ತೀರುತ್ತದೆ. ಹಾಗೆಯೇ ಆಯಿತು. 2021ರಲ್ಲಿ ಅದೇ ಹೆಸರನ್ನು ಅನ್ಯರು ನೋಂದಾಯಿಸಿಕೊಂಡರು. ಆ ಬಳಿಕ, ಅದೇ ವರ್ಷ, ಕಲಾವಿದರು ಈಥೀರಿಯಮ್ಮಿನಲ್ಲಿ ಹೊಸದಾಗಿ ದಾಖಲಿಸಿದ ಕೃತಿ ಸೋದಬೀಸ್ ಹರಾಜಿನಲ್ಲಿ 14 ಲಕ್ಷ ಡಾಲರಿಗೂ ಮಿಗಿಲಾದ ಬೆಲೆಗೆ ಮಾರಾಟವಾಯಿತು. ಹೆಸರು ಪಡೆದವರು ಹೂಡಿದ ದಾವೆಯನ್ನು 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ವಜಾ ಮಾಡಿತು.

ಕರಂಡಕ ಒಬ್ಬರ ಪಾಲಾಯಿತು. ಕೃತಿಯ ಮನ್ನಣೆ ಮತ್ತೊಬ್ಬರಲ್ಲಿ ಉಳಿಯಿತು. ಸಹಿ ಹಾಕಿದ ಕೀಲಿ ಯಾವುದೆಂಬುದಕ್ಕೆ ಇಂಥ ಗುರುತು ದೃಢವಾದ ಸಾಕ್ಷ್ಯವೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೃತಿ ಯಾರದೆಂಬ ಪ್ರಶ್ನೆಗೆ ಅದು ಉತ್ತರಿಸಲಾರದು. ಆ ಉತ್ತರ ದೊರೆಯುವುದು ಕೃತಿಯ ಇತಿಹಾಸವನ್ನು ಬಲ್ಲ ಸಹೃದಯರ ಸ್ಮರಣೆಯಲ್ಲಿ, ಅಗತ್ಯ ಬಿದ್ದಾಗ ನ್ಯಾಯಪೀಠದ ಮುಂದೆ. ಇವೆರಡನ್ನೂ ಬಿಟ್ಟು ಕೀಲಿಯೊಂದನ್ನೇ ನಂಬುವ ವ್ಯವಸ್ಥೆಯು ಕಲಾವಿದನಿಗೆ ಪೂರ್ಣ ರಕ್ಷೆಯಾಗಲಾರದೆಂದೇ ನಮ್ಮ ಅಭಿಮತ.