ಬಿಸಿಲ ನಾಡಿಗೆ ಬಿಸಿಕೋಣೆಯ ಯೋಗ

ಬಾಗಲಕೋಟೆಯ ಬೇಸಿಗೆ 40 ಡಿಗ್ರಿ ಮುಟ್ಟಿದರೆ ಅದು ಸುದ್ದಿಯೇ ಅಲ್ಲ. ಹಗಲೆಲ್ಲ ಕಾದ ಬಾದಾಮಿಯ ಕೆಂಪು ಬಂಡೆ ಕತ್ತಲಾದ ಮೇಲೂ ಝಳ ಬಿಡುತ್ತಿರುತ್ತದೆ. ಇಂಥ ಸೀಮೆಗೆ ‘ಹಾಟ್ ಯೋಗ’ ಏನು ಕೊಟ್ಟೀತು?

ಕೋಲ್ಕತ್ತದ ಬಿಕ್ರಂ ಚೌಧರಿ 1970ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆಸಿದ ಪದ್ಧತಿಯಿದು: ಸುಮಾರು 40 ಡಿಗ್ರಿಗೆ ಕಾಯಿಸಿದ ಕೋಣೆ, ಶೇ 40 ತೇವಾಂಶ, 90 ನಿಮಿಷ, 26 ಆಸನ, ಎರಡು ಉಸಿರಾಟದ ಅಭ್ಯಾಸ.

ಆಸನಗಳ ಆಯ್ಕೆಯಲ್ಲಿ ಹುರುಳಿದೆ. ಇಳಕಲ್ಲಿನ ಕುಣಿಮಗ್ಗದ ನೇಕಾರರನ್ನು ನೋಡಿ: ಕಾಲು ಕುಣಿಯೊಳಗೆ, ಕೈ ಲಾಳಿಯ ಹಗ್ಗದ ಮೇಲೆ, ಕಣ್ಣು ಎಳೆಯ ಮೇಲೆ, ಬೆನ್ನು ದಿನವಿಡೀ ಮುಂದಕ್ಕೇ ಬಾಗಿ. ಈ ಸರಣಿಯ ಭುಜಂಗಾಸನ, ಉಷ್ಟ್ರಾಸನಗಳು ಆ ಬೆನ್ನನ್ನು ಹಿಂದಕ್ಕೆ ತೆರೆಯುತ್ತವೆ.

ಆದರೆ ಲಾಭ ಆಸನದ್ದೋ, ಕಾವಿನದ್ದೋ? ಟೆಕ್ಸಾಸ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯವಯಸ್ಕರು 12 ವಾರ ಇದೇ ಆಸನಗಳನ್ನು ಮಾಡಿದರು. ಕೆಲವರು ಬಿಸಿಕೋಣೆಯಲ್ಲಿ, ಕೆಲವರು ಸಾಧಾರಣ ಕೋಣೆಯಲ್ಲಿ. ರಕ್ತನಾಳಗಳು ಹಿಗ್ಗುವ ಶಕ್ತಿ ಎರಡೂ ಗುಂಪಿನಲ್ಲಿ ಸುಧಾರಿಸಿತು; ಕಾವಿನಿಂದ ಹೆಚ್ಚಿನದೇನೂ ದಕ್ಕಲಿಲ್ಲ. ಮನಸ್ಸಿನ ವಿಷಯ ತುಸು ಬೇರೆ. 2023ರ ಬಾಸ್ಟನ್ ಅಧ್ಯಯನದಲ್ಲಿ ಎಂಟು ವಾರ ಬಿಸಿಯೋಗ ಮಾಡಿದ ಖಿನ್ನರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಲಕ್ಷಣಗಳು ಅರ್ಧಕ್ಕರ್ಧ ಇಳಿದವು. ಅವರನ್ನು ಹೋಲಿಸಿದ್ದು ಸರದಿಗಾಗಿ ಕಾಯುತ್ತಿದ್ದವರೊಂದಿಗೆ, ತಂಪುಕೋಣೆಯ ಯೋಗಿಗಳೊಂದಿಗಲ್ಲ. ಹಾಗಾಗಿ ಶ್ರೇಯಸ್ಸನ್ನು ಕಾವಿಗೇ ಕಟ್ಟಲಾಗದು.

ಬೆವರಿನೊಂದಿಗೆ ‘ವಿಷ’ ಹೋಗುತ್ತದೆಂಬ ಮಾತು ಬರೀ ಜಾಹೀರಾತು. ಆ ಕೆಲಸ ಯಕೃತ್ತು, ಮೂತ್ರಪಿಂಡಗಳದ್ದು. ಬೆವರಲ್ಲಿ ಹೋಗುವುದು ಹೆಚ್ಚಾಗಿ ನೀರು ಮತ್ತು ಉಪ್ಪು. ನಮ್ಮ ಒಣಬಿಸಿಲಲ್ಲಿ ಬೆವರು ಬೇಗ ಆರಿ ಮೈ ತಂಪಾಗುತ್ತದೆ. ತೇವ ತುಂಬಿದ ಕೋಣೆಯಲ್ಲಿ ಆರದೆ ಮೈಕಾವು ಏರುತ್ತದೆ. ಕಾದ ಸ್ನಾಯು ಸಲೀಸಾಗಿ ಹಿಗ್ಗುವುದರಿಂದ ಮಿತಿಮೀರಿ ಎಳೆದುಕೊಳ್ಳುವ ಅಪಾಯವೂ ಉಂಟು. ಗರ್ಭಿಣಿಯರು, ಹೃದಯ ಮತ್ತು ರಕ್ತದೊತ್ತಡದ ತೊಂದರೆಯವರು ದೂರವಿರುವುದೇ ಲೇಸು.

ಹಳಬರಿಗೆ ಈ ಎಚ್ಚರವಿತ್ತು. ಘೇರಂಡ ಸಂಹಿತೆ ಗ್ರೀಷ್ಮದಲ್ಲಿ ಯೋಗ ಆರಂಭಿಸಬೇಡವೆನ್ನುತ್ತದೆ. ವಸಂತ, ಶರದೃತುಗಳನ್ನು ಒಪ್ಪುತ್ತದೆ. ಮೈಸೂರಿನಲ್ಲಿ ಪಟ್ಟಾಭಿ ಜೋಯಿಸರು ಕಲಿಸಿದ ಅಷ್ಟಾಂಗ ವಿನ್ಯಾಸದಲ್ಲಿ ಕಾವು ಹುಟ್ಟುವುದು ಉಸಿರು ಮತ್ತು ಚಲನೆಯಿಂದ, ಮೈಯೊಳಗೇ.

ಹಾಗಾಗಿ ಸರಣಿಯನ್ನು ಉಳಿಸಿಕೊಂಡು ಹೀಟರನ್ನು ಬಿಡಬಹುದು. ಹುನಗುಂದದ ಹೊಲದಲ್ಲಿ ದುಡಿದವರಿಗೆ ಬೆವರಿನ ಕೊರತೆಯೇನಿಲ್ಲ. ನಸುಕಿನ ತಂಪು, ಗಾಳಿಯಾಡುವ ಪಡಸಾಲೆ, ಮುಗಿಸಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಸಾಕು. ಕೋಣೆ ಕಾಯಿಸುವ ಖರ್ಚಿನಲ್ಲಿ ಬೆನ್ನು ಎಲ್ಲಿ ತಪ್ಪಿ ಬಾಗುತ್ತಿದೆ ಎಂದು ತಿದ್ದಬಲ್ಲ ಒಬ್ಬ ಶಿಕ್ಷಕರನ್ನು ಇಟ್ಟುಕೊಂಡರೆ ಊರಿಗೆ ಹೆಚ್ಚು ಲಾಭ.