ಎಷ್ಟು ಮರಿ ಉಳಿದವು?

ಹಿತ್ತಲಲ್ಲಿ ಕೋಳಿ ಸಾಕಿದ್ದೇವೆ ಎಂದ ಕೂಡಲೇ ಪೇಟೆಯ ನೆಂಟರು ಕೇಳುವುದು ‘ದಿನಕ್ಕೆ ಎಷ್ಟು ಮೊಟ್ಟೆ ಸಿಗುತ್ತೆ?’ ಎಂದು. ನಾಟಿ ಕೋಳಿ ಸಾಕುವವರು ತಮ್ಮತಮ್ಮಲ್ಲಿ ಕೇಳಿಕೊಳ್ಳುವುದೇ ಬೇರೆ: ‘ಹೋದ ಸಲದ್ದರಲ್ಲಿ ಎಷ್ಟು ಮರಿ ಉಳಿದವು?’ ನಾಟಿ ಹೇಂಟೆ ವರ್ಷಕ್ಕೆ ಇಡುವುದು ಹೆಚ್ಚುಕಮ್ಮಿ 60ರಿಂದ 80 ಮೊಟ್ಟೆ. ಫಾರಂ ಕೋಳಿ 300ರ ಹತ್ತಿರ ಇಡುತ್ತದೆ. ಮೊಟ್ಟೆಯ ಲೆಕ್ಕ ಹಿಡಿದರೆ ನಮ್ಮದು ಎಂದೂ ಗೆಲ್ಲುವುದಿಲ್ಲ. ನಾಟಿ ಹೇಂಟೆಯ ಹೆಚ್ಚುಗಾರಿಕೆ ಇರುವುದು ತಾನೇ ಕಾವು ಕೂತು, ತಾನೇ ಮರಿ ಮಾಡಿ, ಅವನ್ನು ಕಟ್ಟಿಕೊಂಡು ತಿರುಗಿ ದೊಡ್ಡದು ಮಾಡುವುದರಲ್ಲಿ. ಹತ್ತು ಹೂಮರಿಗಳಲ್ಲಿ ಎರಡು ತಿಂಗಳ ಹೊತ್ತಿಗೆ ಮೂರೋ ನಾಲ್ಕೋ ಉಳಿದ ಮನೆಗಳನ್ನು ಮಲೆನಾಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಆರೇಳು ಉಳಿಸಿಕೊಂಡವರ ಮನೆಗೆ ಹೋದರೆ ನಾನು ಮೊದಲು ನೋಡುವುದು ಅವರ ಅಂಗಳವನ್ನು, ಆಮೇಲೆ ಒಡ್ಡಿಯನ್ನು.

ಕಾವಿಗೆ ಕೂರಿಸುವ ಕಾಲ ದೀಪಾವಳಿ ಕಳೆದ ಮೇಲೆ. ಮಳೆಗಾಲದ ಮರಿ ನಮ್ಮ ಕಡೆ ಉಳಿಯುವುದು ಕಷ್ಟ. ನೆಲದ ತಂಪು ಹೊಟ್ಟೆಗೆ ಏರುತ್ತದೆ, ಒದ್ದೆಯಾದ ಹೊಟ್ಟುಹಾಸಿನಲ್ಲಿ ರಕ್ತಭೇದಿಯ ರೋಗಾಣು ಬೆಳೆಯುತ್ತದೆ. ವಾರದೊಳಗೆ ಇಟ್ಟ, ತೊಳೆಯದ ಮೊಟ್ಟೆಗಳನ್ನೇ ಆರಿಸಿಕೊಳ್ಳಬೇಕು. ಚಿಪ್ಪಿನ ಮೇಲಿನ ಸಹಜವಾದ ತೆಳು ಲೇಪ ತೊಳೆದರೆ ಹೋಗುತ್ತದೆ, ಒಳಗೆ ಸೋಂಕು ನುಗ್ಗುತ್ತದೆ. ಹತ್ತು ಹನ್ನೆರಡಕ್ಕಿಂತ ಹೆಚ್ಚು ಇಟ್ಟರೆ ಅಂಚಿನವಕ್ಕೆ ಕಾವು ಸಾಲದು. ಏಳನೆಯ ರಾತ್ರಿ ಒಂದೊಂದನ್ನೇ ಎತ್ತಿ ಟಾರ್ಚಿನ ಬೆಳಕಿಗೆ ಹಿಡಿಯಿರಿ. ಮರಿ ಕಟ್ಟಿದ್ದರೆ ಕೆಂಪು ನರಗಳು ನಡುವಿನ ಕಪ್ಪು ಚುಕ್ಕೆಯಿಂದ ಸುತ್ತಲೂ ಕವಲೊಡೆದು ಕಾಣುತ್ತವೆ, ಚುಕ್ಕೆ ಮೆಲ್ಲಗೆ ಅಲುಗುತ್ತದೆ. ಬರೀ ಹಳದಿ ಬೆಳಕು ತೋರಿದ್ದನ್ನು ತೆಗೆದುಬಿಡಬೇಕು. ಹದಿನೆಂಟು ದಿನ ಕಳೆದ ಮೇಲೆ ಕೈ ಹಾಕಬಾರದು. 21ನೆಯ ದಿನ ಚಿಪ್ಪು ಒಡೆಯುತ್ತದೆ. ಮರಿ ಈಚೆ ಬಂದ ಕೂಡಲೇ ನುಚ್ಚು ಹಾಕಬೇಕು ಎಂದು ಮನೆಯವರು ಗಡಿಬಿಡಿ ಮಾಡುತ್ತಾರೆ, ಅದು ಬೇಡ. ಹುಟ್ಟುವ ಮುಂಚೆ ಹೊಟ್ಟೆಯೊಳಕ್ಕೆ ಎಳೆದುಕೊಂಡ ಹಳದಿ ಲೋಳೆ ಅದನ್ನು ಎರಡು ದಿನ ಸಾಕುತ್ತದೆ. ಹಿಂದುಳಿದ ಮರಿ ಚಿಪ್ಪೊಡೆಯುವ ತನಕ ತಾಯಿ ಏಳದೆ ಕೂರಲು ಆಗುವುದೂ ಇದರಿಂದಲೇ.

ಇನ್ನು ಹದ್ದು, ಗಿಡುಗ. ಮರಿಗಳ ಮೊದಲ ಮೂರು ವಾರ ಮನೆಯವರ ಕಣ್ಣೆಲ್ಲ ಆಕಾಶದ ಮೇಲೆಯೇ. ಆದರೆ ನಮಗಿಂತ ಮೊದಲು ನೋಡುವುದು ಹೇಂಟೆ. ಅದು ಮೇವು ಕೆದಕುತ್ತಲೇ ತಲೆ ಓರೆ ಮಾಡಿ ಒಂದು ಕಣ್ಣನ್ನು ಮೇಲಕ್ಕೆ ತಿರುಗಿಸಿಕೊಂಡಿರುತ್ತದೆ. ಗಿಡುಗ ಕಂಡರೆ ಸಣ್ಣಗೆ, ಉದ್ದಕ್ಕೆ ಎಳೆದು ಒಂದೇ ದನಿ ತೆಗೆಯುತ್ತದೆ. ಮರಿಗಳು ಇದ್ದಲ್ಲೇ ಎಲೆಯಡಿ, ಬುಡದಡಿ ಅಡಗುತ್ತವೆ, ಒಂದೂ ಉಸಿರೆತ್ತುವುದಿಲ್ಲ. ನಾಯಿಯೋ ಮುಂಗುಸಿಯೋ ಬಂದರೆ ಕೂಗು ಬೇರೆ: ‘ಕೊಕ್ ಕೊಕ್ ಕೊಕ್ಕೋಕ್’ ಎಂದು ತುಂಡುತುಂಡಾಗಿ, ಊರಿಗೇ ಕೇಳುವಂತೆ. ಈ ಎರಡನ್ನು ಗುರುತಿಸಲು ಕಿವಿ ಪಳಗಿದರೆ, ಅಡುಗೆಮನೆಯಲ್ಲಿದ್ದುಕೊಂಡೇ ಕೋಲು ಹಿಡಿದು ಓಡಬೇಕೋ, ಬರೀ ಹೊರಗೆ ಬಂದು ಕೈತಟ್ಟಿದರೆ ಸಾಕೋ ಎಂದು ತಿಳಿಯುತ್ತದೆ.

ತಾಯಿ ಎಷ್ಟೇ ಚುರುಕಾದರೂ ಅಡಗಲು ಜಾಗ ಬೇಕಲ್ಲ! ಇತ್ತೀಚೆಗೆ ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿ, ಹಿತ್ತಲಿನ ಪೊದೆಯನ್ನೆಲ್ಲ ಸವರಿ ಬೋಳು ಮಾಡುವುದು ಹೆಚ್ಚಾಗಿದೆ. ಆಮೇಲೆ ಗಿಡುಗದ ಕಾಟ ಜಾಸ್ತಿಯಾಯಿತು ಎನ್ನುತ್ತಾರೆ. ದಾಸವಾಳದ ಬೇಲಿ, ನೆಲಕ್ಕೆ ಬಾಗಿದ ಕಾಫಿ ಗಿಡ, ಕತ್ತರಿಸದೆ ಬಿಟ್ಟ ಕೆಸುವಿನ ಪಾತಿ, ಇವು ಹತ್ತು ಹೆಜ್ಜೆಗೊಂದರಂತೆ ಇರಬೇಕು. ಅದೇ ತಂಪಿನಲ್ಲಿ ಮರಿಗೆ ಹುಳುವೂ ಸಿಗುತ್ತದೆ. ಸಾಲದಿದ್ದರೆ ಗೆದ್ದಲು ಹಿಡಿಯಿರಿ. ಹಳೆಯ ಮಡಕೆಗೆ ಒದ್ದೆ ಹುಲ್ಲು, ಒಣ ಸಗಣಿ ತುಂಬಿ ಹುತ್ತದ ಪಕ್ಕ ಕವುಚಿಟ್ಟರೆ ಬೆಳಗ್ಗೆ ಮಡಕೆ ತುಂಬ ಗೆದ್ದಲು. ಮರಿಗಳು ಅದಕ್ಕೆ ಮುಗಿಬೀಳುವುದನ್ನು ನೋಡುವುದೇ ಒಂದು ಸುಖ.

ಮುಂಗುಸಿ ಹಗಲಿನ ಕಳ್ಳ, ಪುನುಗು ಮತ್ತು ಕಾಡುಬೆಕ್ಕು ಇರುಳಿನವು. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಹಾಗಾಗಿ ಒಡ್ಡಿಯ ಬಾಗಿಲು ಹಾಕುವ ಕೆಲಸವನ್ನು ಮನೆಯಲ್ಲಿ ಒಬ್ಬರಿಗೇ ವಹಿಸಬೇಕು. ‘ನೀನು ಹಾಕಿರ್ತೀಯ ಅಂದ್ಕೊಂಡೆ’ ಎಂಬ ಮಾತು ಕೇಳಿದ ಮನೆಯಲ್ಲಿ ಒಂದೇ ರಾತ್ರಿಗೆ ಹಿಂಡು ಮುಗಿದದ್ದುಂಟು. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಮಾರುವ ಆರು ಮೂಲೆಯ ತೆಳು ತಂತಿಬಲೆ ಕೋಳಿಯನ್ನು ಒಳಗಿಡುತ್ತದೆ, ಕಾಡುಬೆಕ್ಕನ್ನು ಹೊರಗಿಡುವುದಿಲ್ಲ. ಅರ್ಧ ಇಂಚಿನ ಬೆಸುಗೆ ಜಾಲರಿಗೆ ದುಡ್ಡು ಹೆಚ್ಚಾದರೂ ಅದನ್ನೇ ಹಾಕಿಸಿ. ಅದರ ಕಣ್ಣಲ್ಲಿ ಹೆಗ್ಗಣವೂ ತೂರಲಾರದು.

ಬಿಟ್ಟು ಸಾಕಿದ ಹೇಂಟೆ ಮೊಟ್ಟೆಯನ್ನು ನಾವು ಹೇಳಿದಲ್ಲಿ ಇಡುವುದಿಲ್ಲ. ಸೌದೆಕೊಟ್ಟಿಗೆ, ದರಗಿನ ರಾಶಿ, ಪಕ್ಕದ ಮನೆಯ ಹುಲ್ಲುಬಣವೆ, ಎಲ್ಲಿ ಬೇಕಾದರೂ ಇಟ್ಟೀತು. ಹಳಬರ ಉಪಾಯ ಈಗಲೂ ನಡೆಯುತ್ತದೆ: ಬೆಳಗ್ಗೆ ಬಿಡುವ ಮೊದಲು ಹಿಂಭಾಗದಲ್ಲಿ ಬೆರಳಾಡಿಸಿ ನೋಡುವುದು. ಅಂದು ಇಡುವುದಾದರೆ ಮೊಟ್ಟೆಯ ಗಟ್ಟಿ ಕೈಗೆ ಸಿಗುತ್ತದೆ. ಅಂಥ ಹೇಂಟೆಯನ್ನು ಮಂಕರಿಯಡಿ ಮುಚ್ಚಿ, ಇಟ್ಟ ಮೇಲೆ ಬಿಡುವುದು. ನಾಲ್ಕು ದಿನ ಹೀಗೆ ಮಾಡಿ, ಆ ಜಾಗದಲ್ಲಿ ಒಂದು ಮೊಟ್ಟೆಯನ್ನು ಮಸಿಯ ಗುರುತು ಹಾಕಿ ಬಿಟ್ಟರೆ ಐದನೆಯ ದಿನ ತಾನೇ ಬಂದು ಕೂರುತ್ತದೆ.

ಹೆಚ್ಚು ಮೊಟ್ಟೆ ಬೇಕೆಂದವರು ಗಿರಿರಾಜ ತರುತ್ತಾರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಈ ತಳಿ ಹಿತ್ತಲಿಗೆಂದೇ ಮಾಡಿದ್ದು, ಮೈ ತುಂಬಿಕೊಳ್ಳುತ್ತದೆ, ಮೊಟ್ಟೆಯೂ ನಾಟಿಗಿಂತ ಹೆಚ್ಚು. ಆದರೆ ಅದು ಕಾವು ಕೂರುವುದಿಲ್ಲ, ಭಾರದ ಮೈಯಿಂದಾಗಿ ಹಾರಿ ತಪ್ಪಿಸಿಕೊಳ್ಳುವುದೂ ಕಡಿಮೆ. ಬೇಲಿ ಗಟ್ಟಿ ಇರುವ ಬಯಲುಸೀಮೆಯ ತೋಟಕ್ಕೆ ಒಪ್ಪುತ್ತದೆ. ಕಾಡಂಚಿನ ಮನೆಗೆ ನಾಟಿಯೇ ಸರಿ ಎಂದು ನನ್ನ ಖಚಿತ ಅಭಿಪ್ರಾಯ.

ಇಷ್ಟೆಲ್ಲ ಎಚ್ಚರದಿಂದ ಉಳಿಸಿದ್ದನ್ನು ಒಂದೇ ವಾರದಲ್ಲಿ ಗುಡಿಸಿಹಾಕುವುದು ಕೊಕ್ಕರೆ ರೋಗ. ಕೋಳಿ ಮುದುಡಿಕೊಂಡು ತೂಕಡಿಸುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರು ಬೆರೆತ ಬಿಳಿ ಹಿಕ್ಕೆ ಹಾಕುತ್ತದೆ, ಕುತ್ತಿಗೆ ತಿರುಚಿಕೊಳ್ಳುತ್ತದೆ. ಬಂದ ಮೇಲೆ ಔಷಧಿಯಿಲ್ಲ. ಕುಮಾಯೂಂ ಬೆಟ್ಟದ ರಾಣಿಖೇತದ ಹೆಸರಿನಿಂದ ದೇಶವೆಲ್ಲ ಇದನ್ನು ಕರೆಯುತ್ತದೆ. ಅದೇ ಬೆಟ್ಟಸೀಮೆಯ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲಿ ತಯಾರಾದ ಲಸಿಕೆಯೇ ಇವತ್ತಿಗೂ ನಾವು ಹಾಕಿಸುವ ಆರ್‌ಟುಬಿ. ಮರಿಗೆ ವಾರ ತುಂಬುವ ಹೊತ್ತಿಗೆ ಇದೇ ರೋಗದ ಲಸೋಟಾ ಲಸಿಕೆ ಒಂದು ಹನಿ ಕಣ್ಣಿಗೆ, ಎಂಟನೆಯ ವಾರ ಆರ್‌ಟುಬಿ ಚುಚ್ಚುಮದ್ದು. ಜಾತ್ರೆಯಲ್ಲೋ ಸಂತೆಯಲ್ಲೋ ಕೊಂಡ ಕೋಳಿಯನ್ನು ಎರಡು ವಾರವಾದರೂ ಬೇರೆ ಕಟ್ಟಬೇಕು. ರೋಗ ಊರಿಗೆ ಬರುವುದು ಬಹುಮಟ್ಟಿಗೆ ಅದರ ಬೆನ್ನಿಗೇ.

ಗೊತ್ತಿದ್ದೂ ಜನ ಲಸಿಕೆ ಯಾಕೆ ಹಾಕಿಸುವುದಿಲ್ಲ? ಉದಾಸೀನ ಎಂದು ಬೈಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಲಸಿಕೆಯ ಬಾಟಲಿಯಲ್ಲಿ ನೂರೋ ಅದಕ್ಕೂ ಹೆಚ್ಚೋ ಕೋಳಿಗೆ ಸಾಕಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹನ್ನೆರಡು ಕೋಳಿ ಇಟ್ಟುಕೊಂಡವರು ಒಬ್ಬರೇ ತಂದರೆ ಉಳಿದದ್ದೆಲ್ಲ ಚರಂಡಿಗೆ. ಅಲ್ಲದೆ ನಮ್ಮದಕ್ಕೆ ಮಾತ್ರ ಹಾಕಿಸಿ ಪಕ್ಕದ ಮನೆಯದನ್ನು ಬಿಟ್ಟರೆ ರೋಗಾಣು ಕೇರಿಯಲ್ಲೇ ಉಳಿಯುತ್ತದೆ. ಬೇಲಿ ದಾಟುವುದು ಬಿಟ್ಟು ಸಾಕಿದ ಕೋಳಿಯ ಸ್ವಭಾವ. ಹಾಗಾಗಿ ಇದು ಕೇರಿಯವರೆಲ್ಲ ಸೇರಿ ಮಾಡಬೇಕಾದ ಕೆಲಸ. ಯಾವ ಮನೆಯಲ್ಲಿ ಎಷ್ಟು ಕೋಳಿ ಎಂದು ಒಂದು ಹಾಳೆಯಲ್ಲಿ ಬರೆದು ಪಶು ಆಸ್ಪತ್ರೆಗೆ ಕೊಡಿ, ಬಾಟಲಿ ಬರುವ ದಿನ ಕೇಳಿ. ತರಲು ಐಸ್ ತುಂಬಿದ ಫ್ಲಾಸ್ಕ್ ಇರಲಿ. ‘ಅಕ್ಕ, ಇವತ್ತು ಸಂಜೆ ನಿಮ್ಮ ಕೋಳೀನ ಬೇಗ ಒಡ್ಡಿಗೆ ಕೂಡಿ’ ಎಂದು ಮನೆಮನೆಗೆ ಹೇಳಿಬಿಟ್ಟರೆ, ಕತ್ತಲಾದ ಮೇಲೆ ಕೋಳಿ ಹಿಡಿಯುವುದು ಸುಲಭ. ಒಬ್ಬರು ಟಾರ್ಚ್ ಹಿಡಿಯಲಿ, ಒಬ್ಬರು ಕೋಳಿ ಹಿಡಿಯಲಿ, ಮದ್ದು ಹಾಕುವವರು ಒಬ್ಬರಿದ್ದರೆ ಸಾಕು. ಮುಂದಿನ ಒಡ್ಡಿಗೆ ಹೋಗುವ ಮುಂಚೆ ಕೈ, ಕಾಲು ತೊಳೆದುಕೊಂಡು ಹೋಗಬೇಕು.