ಬೆನ್ನ ಮೇಲಿನ ಮೂರು ಲೀಟರು

ಕೊಡಚಾದ್ರಿ ಹತ್ತಿ ಪಳಗಿದ ಚಾರಣಿಗರು ಬೆನ್ನಚೀಲಕ್ಕೆ ನೀರು ತುಂಬುವುದನ್ನು ನಿಂತು ನೋಡಬೇಕು. ಮೂರು ಲೀಟರು ಅಂದರೆ ಮೂರು ಕಿಲೋ, ಅದೂ ತುಳುಕಾಡುವ ಭಾರ. ಅದಕ್ಕೇ ಬಾಟಲಿಯನ್ನು ಕತ್ತಿನವರೆಗೂ ತುಂಬುತ್ತಾರೆ. ಕೊಳವೆಯಿರುವ ನೀರಿನ ಚೀಲವಾದರೆ ತಲೆಕೆಳಗು ಮಾಡಿ ಒಳಗಿನ ಗಾಳಿ ಹೀರಿ ತೆಗೆಯುತ್ತಾರೆ. ಆಮೇಲೆ ಎಷ್ಟು ಬಿರುಸಾಗಿ ನಡೆದರೂ ಗುಳುಗುಳು ಸದ್ದಿಲ್ಲ. ಭಾರವೆಲ್ಲ ಬೆನ್ನಿಗೆ ಒತ್ತಿಕೊಂಡು ಹೆಗಲೆಲುಬುಗಳ ನಡುವೆ. ಬಟ್ಟೆ, ಅವಲಕ್ಕಿ ಪೊಟ್ಟಣ ಹೊರಮಗ್ಗುಲಿಗೆ. ಪಕ್ಕದ ಜೇಬುಗಳ ಎರಡು ಬಾಟಲಿಗಳಿಂದ ಸರದಿಯಂತೆ ಕುಡಿಯುತ್ತಾರೆ, ಚೀಲ ಒಂದು ಕಡೆ ವಾಲದಂತೆ. ಎಂಥ ಅಚ್ಚುಕಟ್ಟು!

ಹೊಸನಗರ ತಾಲ್ಲೂಕಿನ ನಿಟ್ಟೂರು ಕಡೆಯಿಂದ ಹೊರಟರೆ ಹಿಡ್ಲುಮನೆ ಜಲಪಾತದವರೆಗೆ ಕಾಡಿನ ತಂಪು. ಮೇಲೆ ಬೋಳು ಹುಲ್ಲುಗುಡ್ಡ, ನೆತ್ತಿ ಸುಡುವ ಬಿಸಿಲು, 1,343 ಮೀಟರ್ ಎತ್ತರದ ಶಿಖರ. ಆ ಕುಶಲತೆಯ ಬೆಲೆ ತಿಳಿಯುವುದು ಅಲ್ಲೇ.

ತೀರ್ಥಹಳ್ಳಿಯ ಕವಲೇದುರ್ಗದಲ್ಲಿ ಬೆಟ್ಟದ ಮೇಲೆ ನೀರು ಹಿಡಿದಿಟ್ಟ ಕೊಳಗಳನ್ನು ಕಂಡು ಬೆರಗಾಗುತ್ತೇವೆ. ನೀರನ್ನೇ ಹೊತ್ತು ಹತ್ತುವ ಈ ಜಾಣ್ಮೆಗೂ ಅಷ್ಟೇ ಮೆಚ್ಚುಗೆ ಸಲ್ಲಬೇಕು. ದಾರಿಯಲ್ಲಿ ಬಾಯಾರಿದ ಅಪರಿಚಿತರಿಗೂ ಮಿಗುವಷ್ಟು ತುಂಬಿಕೊಂಡವರ ಮೇಲಂತೂ ನನಗೆ ಇನ್ನೂ ಹೆಚ್ಚಿನ ಗೌರವ.